ಲ್ಯಾಪ್‌ಟಾಪ್ ಪರದೆಯಲ್ಲಿ ಗೇಮ್ ಕನ್ಸೋಲ್

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಸ್ವಿಚ್ ಮೊದಲಾದ ಕನ್ಸೋಲ್‌ಗಳ ಚಿತ್ರವನ್ನು ಟಿ.ವಿ.ಯ ಬದಲು ಲ್ಯಾಪ್‌ಟಾಪಿನ ಪರದೆಯಲ್ಲಿ ನೋಡುವ ವಿಧಾನಗಳು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ರೂಮ್-ಕಿಚನ್ ಮನೆಗಳಲ್ಲಿ ಇದು ನಿಜವಾದ ಅಗತ್ಯ. ಅಲ್ಲಿ ಎರಡನೆಯ ಟಿ.ವಿ.ಗೆ ಗೋಡೆಯೇ ಸಿಗುವುದಿಲ್ಲ, ಲ್ಯಾಪ್‌ಟಾಪ್ ಮಾತ್ರ ಹೇಗೂ ಮನೆಯಲ್ಲಿರುತ್ತದೆ. ಕೊರತೆ ಇರುವುದು ಪರದೆಯಲ್ಲಲ್ಲ, ಅದನ್ನು ನಡೆಸುವ ವಿದ್ಯುನ್ಮಂಡಲದಲ್ಲಿ. ಇದು ತಿಳಿಯದೆ ಕೊಂಡ ಕೇಬಲ್ಲು, ಕಾರ್ಡುಗಳ ಹಣ ಬಹುಮಟ್ಟಿಗೆ ವ್ಯರ್ಥವಾಗುತ್ತದೆ.

ಕೇಬಲ್ ಏಕೆ ಸಾಲದು

ಹಿಟಾಚಿ, ಮಾತ್ಸುಶಿತಾ, ಫಿಲಿಪ್ಸ್, ಸಿಲಿಕಾನ್ ಇಮೇಜ್, ಸೋನಿ, ಥಾಮ್ಸನ್, ತೋಶಿಬಾ ಕಂಪನಿಗಳು ಸೇರಿ 2002ರ ಡಿಸೆಂಬರಿನಲ್ಲಿ ಎಚ್‌ಡಿಎಂಐ ಮಾನಕದ ಮೊದಲ ಆವೃತ್ತಿಯನ್ನು ಹೊರತಂದವು. ಅದರಲ್ಲಿ ಚಿತ್ರ ಕೊಡುವ ಸಾಧನ ಬೇರೆ, ಪಡೆಯುವ ಸಾಧನ ಬೇರೆ. ಕೊಡುವ ಸಾಧನವು 18ನೆಯ ಪಿನ್ನಿನಲ್ಲಿ 5 ವೋಲ್ಟ್ ಇಡುತ್ತದೆ. ಪಡೆಯುವ ಸಾಧನವು 19ನೆಯ ಪಿನ್ನಿನ ಮೂಲಕ ತಾನು ಇರುವುದನ್ನು ತಿಳಿಸಿ, ತನ್ನ ಪರದೆಯ ಅಳತೆ, ವೇಗಗಳ ವಿವರವನ್ನು ಒದಗಿಸುತ್ತದೆ. ಆಮೇಲಷ್ಟೇ ಚಿತ್ರ ಹರಿಯುತ್ತದೆ. ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿಯೂ ಕನ್ಸೋಲಿನಂತೆ ಕೊಡುವಂಥದ್ದೇ. ಎರಡನ್ನೂ ಕೇಬಲ್ಲಿನಿಂದ ಜೋಡಿಸಿದರೆ ಎರಡು ಕಡೆಯಿಂದಲೂ 5 ವೋಲ್ಟ್ ಬರುತ್ತದೆ, ಉತ್ತರ ಯಾವ ಕಡೆಯಿಂದಲೂ ಬರುವುದಿಲ್ಲ. ಪರದೆಯಾದರೋ ಒಳಗಿನ ಬೇರೆ ತಂತಿಯಿಂದ, ಹಿಂದೆ ಎಲ್‌ವಿಡಿಎಸ್, ಈಗ ಇಡಿಪಿ, ನೇರವಾಗಿ ಮದರ್‌ಬೋರ್ಡಿಗೆ ಸೇರಿರುತ್ತದೆ. ಸೆಟ್ಟಿಂಗ್ ಬದಲಿಸಿ ಈ ದಿಕ್ಕನ್ನು ತಿರುಗಿಸಲಾಗದು. ಅಪವಾದಗಳು ವಿರಳ: ಏಲಿಯನ್‌ವೇರ್ ಎಂ17ಎಕ್ಸ್ ಆರ್3, ಎಂ18ಎಕ್ಸ್‌ನಂಥ ಕೆಲವು ದುಬಾರಿ ಮಾದರಿಗಳಲ್ಲಿ ಚಿತ್ರ ಪಡೆಯುವ ಎಚ್‌ಡಿಎಂಐ ಕಿಂಡಿಯೂ ಇತ್ತು.

ಕಾರ್ಡ್ ಮತ್ತು ವೈಫೈ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಂಥ ಮಾರುಕಟ್ಟೆಗಳಲ್ಲಿ ಸಿಗುವ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್ ಇದ್ದರೆ ಸಾಕಲ್ಲ ಎಂಬ ಆಕ್ಷೇಪವಿದೆ. ಚಿತ್ರ ಬರುತ್ತದೆ, ನಿಜ. ಕನ್ಸೋಲ್ ಎದುರು ಕಾರ್ಡೇ ಟಿ.ವಿ.ಯಾಗಿ ನಿಲ್ಲುತ್ತದೆ. ಆದರೆ 1920×1080 ಬಿಂದುಗಳ ಚಿತ್ರ, ಬಿಂದುವಿಗೆ 24 ಬಿಟ್‌ನಂತೆ, ಸೆಕೆಂಡಿಗೆ 60 ಬಾರಿ ಬಂದರೆ ಸುಮಾರು 299 ಕೋಟಿ ಬಿಟ್ ಆಗುತ್ತದೆ. ಯುಎಸ್‌ಬಿ 2.0ರ ಗರಿಷ್ಠ ಮಿತಿಯೇ 48 ಕೋಟಿ. ಆದ್ದರಿಂದ ಕಾರ್ಡ್ ಚಿತ್ರವನ್ನು ಕುಗ್ಗಿಸಿ ಕಳಿಸಬೇಕು, ಲ್ಯಾಪ್‌ಟಾಪ್ ಅದನ್ನು ಬಿಚ್ಚಿ ಓಬಿಎಸ್‌ನಂಥ ತಂತ್ರಾಂಶದಲ್ಲಿ ತೋರಿಸಬೇಕು. 60 ಹರ್ಟ್ಸ್‌ನಲ್ಲಿ ಒಂದು ಚೌಕಟ್ಟಿಗೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡ್, ಈ ಕೆಲಸಕ್ಕೆ ಹಲವು ಚೌಕಟ್ಟುಗಳ ಕಾಲ ಹಿಡಿಯಬಹುದು. ಚದುರಂಗದಂಥ ಆಟಕ್ಕೆ ತೊಂದರೆಯಿಲ್ಲ, ಬ್ಯಾಟ್ ಬೀಸುವ ಕ್ಷಣವೇ ಮುಖ್ಯವಾದ ಕ್ರಿಕೆಟ್ ಆಟ ಕೆಡುತ್ತದೆ. ಯುಎಸ್‌ಬಿ 3.0 ಕಾರ್ಡ್ ಈ ವಿಳಂಬವನ್ನು ತಗ್ಗಿಸುತ್ತದೆ, ಪೂರ್ತಿ ನೀಗಿಸುವುದಿಲ್ಲ. ಪ್ಲೇಸ್ಟೇಷನ್ 4ರಲ್ಲಿ ನಕಲು ತಡೆಯುವ ಎಚ್‌ಡಿಸಿಪಿಯನ್ನು ಸೆಟ್ಟಿಂಗಿನಲ್ಲಿ ಆಫ್ ಮಾಡದಿದ್ದರೆ ಪರದೆ ಕಪ್ಪಾಗಿಯೇ ಉಳಿಯಬಹುದು.

ಕನ್ಸೋಲಿನ ಚಿತ್ರವನ್ನು ನೆಟ್‌ವರ್ಕ್ ಮೂಲಕ ಕಳಿಸುವ ಪ್ಲೇಸ್ಟೇಷನ್ 4ರ ರಿಮೋಟ್ ಪ್ಲೇ 2016ರ ಏಪ್ರಿಲಿನಿಂದ ವಿಂಡೋಸ್, ಮ್ಯಾಕ್‌ಗಳಲ್ಲೂ ಇದೆ. ಅದಕ್ಕೆ ಕಾರ್ಡ್ ಬೇಡ. ಆದರೆ ಗೋಡೆಗೆ ಗೋಡೆ ತಾಗಿದ ಬಿಲ್ಡಿಂಗುಗಳಲ್ಲಿ 2.4 ಗಿಗಾಹರ್ಟ್ಸ್ ವೈಫೈ ನೆರೆಮನೆಗಳ ರೂಟರುಗಳಿಂದ ತುಂಬಿರುತ್ತದೆ. ನವಿ ಮುಂಬಯಿಯ ಐರೋಲಿ, ಮಹಾಪೆಗಳ ಐ.ಟಿ. ಕಚೇರಿಗಳು ಕೊಟ್ಟ ಲ್ಯಾಪ್‌ಟಾಪ್ ಆದರೆ ತಂತ್ರಾಂಶ ಹಾಕಲು ಅನುಮತಿಯೂ ಬೇಕಾಗಬಹುದು.

ಪ್ಯಾನಲ್ ಬಿಡಿಸಿ ಬಳಸುವುದು

ಚಿತ್ರ ಪಡೆಯುವ ಕಿಂಡಿಯಿಲ್ಲದ ಲ್ಯಾಪ್‌ಟಾಪಿನ ಪರದೆಯನ್ನು ನಿಜವಾದ ಅರ್ಥದಲ್ಲಿ ಮಾನಿಟರ್ ಮಾಡುವ ದಾರಿ ಇದೊಂದೇ. ಕೆಟ್ಟ ಲ್ಯಾಪ್‌ಟಾಪಿನ ಪ್ಯಾನಲ್ ಬಿಚ್ಚಿ, ಎಚ್‌ಡಿಎಂಐ ಪಡೆಯುವ ಕಂಟ್ರೋಲರ್ ಬೋರ್ಡಿಗೆ ಜೋಡಿಸಿದರೆ ನಡುವೆ ಕಂಪ್ಯೂಟರೇ ಇರುವುದಿಲ್ಲ. ಉಳಿಯುವ ವಿಳಂಬ ಸಾಮಾನ್ಯ ಮಾನಿಟರಿನಷ್ಟೇ. ಇದಕ್ಕೆ ಒಳ್ಳೆಯ ಲ್ಯಾಪ್‌ಟಾಪ್ ಬಲಿಯಾಗುವುದಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ನಡೆಯುತ್ತಿರುವ ಯಂತ್ರವನ್ನು ಬಿಚ್ಚಕೂಡದು. ಮದರ್‌ಬೋರ್ಡ್ ಸತ್ತ ಲ್ಯಾಪ್‌ಟಾಪಿನಲ್ಲಿ ಪ್ಯಾನಲ್ ಎಷ್ಟೋ ಸಲ ಕೆಡದೆ ಉಳಿದಿರುತ್ತದೆ, ಗುಜರಿಗೆ ಹೋಗುವುದಕ್ಕಿಂತ ಅದು ಹೀಗೆ ಬಳಕೆಯಾಗುವುದು ಮೇಲು. ಬೋರ್ಡ್ ಕೊಳ್ಳುವ ಮೊದಲು ಪ್ಯಾನಲ್ಲಿನ ಬೆನ್ನಿಗಿರುವ ಮಾದರಿ ಸಂಖ್ಯೆಯನ್ನು ಅಂಗಡಿಯವರಿಗೆ ತೋರಿಸಬೇಕು. ಎಲ್‌ವಿಡಿಎಸ್, ಇಡಿಪಿ ಕನೆಕ್ಟರುಗಳು ನೋಟಕ್ಕೆ ಹತ್ತಿರವಿದ್ದರೂ ಸಂಕೇತ ಬೇರೆ, ವೋಲ್ಟೇಜ್ ತಪ್ಪಿದರೆ ಪ್ಯಾನಲ್ ಸುಡಬಹುದು. ಹಳೆಯ 15.6 ಇಂಚಿನ ಪ್ಯಾನಲ್‌ಗಳಲ್ಲಿ ಹಲವು 1366×768ರವು; ಅವುಗಳಿಗೆ ಕನ್ಸೋಲನ್ನು 720ಪಿಗೆ ಇಳಿಸಿದರೂ ನಷ್ಟ ಅಲ್ಪ. ಧ್ವನಿಗೆ ಬೋರ್ಡಿನ ಹೆಡ್‌ಫೋನ್ ಕಿಂಡಿ ಬಳಸಬೇಕು, ಅದಿಲ್ಲದ ಬೋರ್ಡ್‌ಗಳೂ ಮಾರಾಟಕ್ಕಿವೆ.