ಮಳೆ ದತ್ತಾಂಶ ಮೂಲಗಳ ಜೋಡಣೆ, ಕರ್ನಾಟಕದಲ್ಲಿ

ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆ ಉಪಕರಣಗಳಿಂದ ಅಳೆದ ಮಳೆಯ ಲೆಕ್ಕವನ್ನು ಒಂದೇ ಡ್ಯಾಶ್‌ಬೋರ್ಡಿಗೆ ತರುವ ವ್ಯವಸ್ಥೆ. ಪ್ರತಿ ಮೂಲದಿಂದ ಅಂಕಿಗಳನ್ನು ಕೇಳಿ ಪಡೆದು, ಅವನ್ನು ಸ್ಥಳ, ವೇಳೆ, ಪ್ರಮಾಣ ಎಂಬ ಸಮಾನ ಚೌಕಟ್ಟಿಗೆ ಹೊಂದಿಸುವ ಕಿರು ತಂತ್ರಾಂಶವೇ ದತ್ತಾಂಶ ಮೂಲದ ಪ್ಲಗಿನ್. ಈ ವ್ಯವಸ್ಥೆಯ ಚರಿತ್ರೆಯನ್ನು ಸಾಮಾನ್ಯವಾಗಿ ಮಳೆಮಾಪಕಗಳ ಸಂಖ್ಯೆ ಬೆಳೆದ ಕತೆಯಾಗಿ ಹೇಳಲಾಗುತ್ತದೆ. ಆದರೆ ವಿವಾದಗಳು ಹುಟ್ಟಿದ್ದು ಹೆಚ್ಚಾಗಿ ಒಂದು ಲೆಕ್ಕವನ್ನು ಇನ್ನೊಂದಕ್ಕೆ ಹೊಂದಿಸುವಲ್ಲಿ.

ಆರಂಭ

ಭಾರತ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಯಿತು. ಮೈಸೂರು ಸಂಸ್ಥಾನದಲ್ಲಿ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ 1890ರ ದಶಕದಲ್ಲಿ ವೀಕ್ಷಣಾಲಯಗಳನ್ನು ಕಟ್ಟಿ, ಸಂಸ್ಥಾನದ ಮಳೆ ದಾಖಲೆಗಳನ್ನು ವರದಿಗಳಾಗಿ ಪ್ರಕಟಿಸಿದರು. ಬೆಳಿಗ್ಗೆ 8.30ಕ್ಕೆ ಮಾಪಕ ನೋಡಿ ಹಿಂದಿನ 24 ಗಂಟೆಗಳ ಮಳೆ ಬರೆಯುವುದು ಇಂದಿನ ಪದ್ಧತಿ.

ಸರ್ಕಾರಿ ದಾಖಲೆಯ ಜೊತೆಗೇ ಮಲೆನಾಡಿನ ಕಾಫಿ, ಅಡಿಕೆ ಬೆಳೆಗಾರರ ದಿನಚರಿಗಳು ಸಾಗಿಬಂದಿವೆ. ಅವರ ಲೆಕ್ಕ ಇಂಚು ಮತ್ತು ಸೆಂಟುಗಳಲ್ಲಿ: ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. ಬೆಳಿಗ್ಗೆ ಅಳೆದ ಮಳೆಯನ್ನು ಹವಾಮಾನ ಇಲಾಖೆ ಅಳೆದ ದಿನದ ಹೆಸರಿಗೆ ಬರೆಯುತ್ತದೆ. ತೋಟದ ಪುಸ್ತಕದಲ್ಲಿ ಅದನ್ನು ಹಿಂದಿನ ದಿನಕ್ಕೆ ಬರೆದಿದ್ದರೆ ಎರಡು ದಾಖಲೆಗಳ ನಡುವೆ ಒಂದು ದಿನದ ಅಂತರ ಬೀಳುತ್ತದೆ. ಎರಡನ್ನೂ ಒಟ್ಟಿಗೆ ಓದುವವರು ಮೊದಲು ಸರಿಪಡಿಸಬೇಕಾದದ್ದು ಈ ಅಂತರವನ್ನು.

ಟೆಲಿಮೆಟ್ರಿ

ರಾಜ್ಯ ಸರ್ಕಾರ 1988ರಲ್ಲಿ ಬರ ಉಸ್ತುವಾರಿ ಕೋಶವನ್ನು ಆರಂಭಿಸಿತು. 2007ರಲ್ಲಿ ಅದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಸೌರಶಕ್ತಿಯಿಂದ ನಡೆದು, ಮೊಬೈಲ್ ಜಾಲದ ಮೂಲಕ 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುವ ಮಾಪಕಗಳು ಮೊದಲು ಹೋಬಳಿಗೆ, ಆಮೇಲೆ ಗ್ರಾಮ ಪಂಚಾಯಿತಿಗೆ ಬಂದವು. ಜಾಲದಲ್ಲಿ ಮಾಪಕಗಳ ಸಂಖ್ಯೆ 6,000 ದಾಟಿತು.

ಈ ಸಾಂದ್ರತೆ ಮಲೆನಾಡಿಗೆ ಅಗತ್ಯವಾಗಿತ್ತು. ಶೃಂಗೇರಿಯಿಂದ ತುಂಗೆಯ ಗುಂಟ ನೆಮ್ಮಾರ್ ದಾಟಿ ಕೆರೆಕಟ್ಟೆಯತ್ತ ಹೋದಂತೆ ಘಟ್ಟದ ಮಳೆ ಜೋರಾಗುತ್ತದೆ. ಕೊಪ್ಪ, ನರಸಿಂಹರಾಜಪುರದ ಕಡೆಗೆ ಇಳಿದಂತೆ ಕಡಿಮೆಯಾಗುತ್ತದೆ. ತಾಲ್ಲೂಕಿಗೊಂದು ಮಾಪಕ ಈ ವ್ಯತ್ಯಾಸವನ್ನು ಹಿಡಿಯಲಾರದು.

ಅತಿ ಹೆಚ್ಚು ಮಳೆಯ ಊರು

ಹೊಸ ಜಾಲದಿಂದ ಹಳೆಯ ಕೀರ್ತಿಯೂ ಪ್ರಶ್ನೆಗೊಳಗಾಯಿತು. ‘ದಕ್ಷಿಣದ ಚಿರಾಪುಂಜಿ’ ಎನಿಸಿದ್ದ ಆಗುಂಬೆಯ ಜೊತೆಗೆ ಹೊಸನಗರ ತಾಲ್ಲೂಕಿನ ಹುಲಿಕಲ್, ಖಾನಾಪುರ ತಾಲ್ಲೂಕಿನ ಆಮಗಾಂವ್ ಹೆಸರುಗಳು ಕೇಳಿಬಂದವು. 2010ರಲ್ಲಿ ಆಮಗಾಂವ್‌ನ ಮಳೆ 10,000 ಮಿ.ಮೀ. ಮೀರಿತೆಂಬ ದಾಖಲೆಯನ್ನು ಆಗುಂಬೆಯ ದೀರ್ಘಕಾಲದ ಸರಾಸರಿಯ ಎದುರಿಗೆ ಇಟ್ಟು ಪಟ್ಟ ಬದಲಾಯಿತೆಂದು ಬರೆದವರುಂಟು. ಒಂದು ವರ್ಷದ ಮೊತ್ತ ಮತ್ತು ದಶಕಗಳ ಸರಾಸರಿ ಒಂದೇ ಜಾತಿಯ ಅಂಕಿಗಳಲ್ಲ. ಆದ್ದರಿಂದ ಆ ಹೋಲಿಕೆಯಿಂದ ತೀರ್ಮಾನಕ್ಕೆ ಬರಲಾಗದು.

ಪ್ಲಗಿನ್‌ಗಳ ಕಾಲ

ಸ್ವೀಡನ್ನಿನ ಟೋರ್ಕೆಲ್ ಓಡೆಗಾರ್ಡ್ 2014ರಲ್ಲಿ ಕಿಬಾನಾ 3 ಎಂಬ ತಂತ್ರಾಂಶವನ್ನು ಆಧರಿಸಿ, ಹಲವು ಮೂಲಗಳ ಅಂಕಿಗಳನ್ನು ಒಟ್ಟಿಗೆ ತೋರಿಸುವ ಗ್ರಫಾನಾ ಡ್ಯಾಶ್‌ಬೋರ್ಡನ್ನು ಹೊರತಂದರು. 2016ರ ಆವೃತ್ತಿ 3.0ರಿಂದ ದತ್ತಾಂಶ ಮೂಲಗಳನ್ನು ಪ್ಲಗಿನ್‌ಗಳಾಗಿ ಪ್ರತ್ಯೇಕವಾಗಿ ಅಳವಡಿಸಿಕೊಳ್ಳುವುದು ಸಾಧ್ಯವಾಯಿತು. ಪ್ಲಗಿನ್ ಯುಗವನ್ನು ಇಲ್ಲಿಂದಲೇ ಎಣಿಸುವ ರೂಢಿಯಿದ್ದರೂ, ಸಂರಚನಾ ಕಡತದ ಮೂಲಕ ಹೊರಗಿನ ಪ್ಲಗಿನ್ ಸೇರಿಸುವ ದಾರಿ 1.x ಆವೃತ್ತಿಗಳಲ್ಲೇ ಇತ್ತು. 2020ರ 7.0 ಆವೃತ್ತಿ ಪ್ಲಗಿನ್ ಬರೆಯುವವರಿಗೆ ಹೊಸ ಸಾಧನಗಳನ್ನು ಒದಗಿಸಿತು.

ಮಳೆಯ ದತ್ತಾಂಶಕ್ಕೆ ಪ್ಲಗಿನ್ ಬರೆಯುವವರು, ಡ್ಯಾಶ್‌ಬೋರ್ಡ್ ಯಾವುದೇ ಇರಲಿ, ಕೆಲವು ನಿರ್ಧಾರಗಳನ್ನು ಮಾಡಲೇಬೇಕು. ದಿನ ಮುಗಿಯುವುದು ಮಧ್ಯರಾತ್ರಿಗೋ 8.30ಕ್ಕೋ? ಅಂಕಿ ಕೊನೆಯ 15 ನಿಮಿಷದ್ದೋ, ಬೆಳಗಿನಿಂದ ಕೂಡಿಬಂದ ಮೊತ್ತವೋ? ಮಾಪಕದ ಊರನ್ನು ಗುರುತಿಸುವುದು ಹೆಸರಿನಿಂದಲೋ ಸಂಕೇತಸಂಖ್ಯೆಯಿಂದಲೋ? ‘ನೆಮ್ಮಾರ್’, ‘ನೆಮ್ಮಾರು’ ಎಂಬ ಎರಡು ಬರಹಗಳು ಯಂತ್ರಕ್ಕೆ ಎರಡು ಊರುಗಳು.

ಎಲ್ಲಕ್ಕಿಂತ ದೊಡ್ಡ ನಿರ್ಧಾರ ಖಾಲಿ ಜಾಗದ್ದು. ಅಂಕಿ ಬಾರದಿದ್ದಾಗ ಜಾಗವನ್ನು ಖಾಲಿ ಬಿಡುವುದು, ಅಕ್ಕಪಕ್ಕದ ಅಂಕಿಗಳನ್ನು ಗೆರೆಯಿಂದ ಜೋಡಿಸುವುದು, ಸೊನ್ನೆ ಎಂದು ತೋರಿಸುವುದು: ಗ್ರಫಾನಾದ ಹಳೆಯ ಗ್ರಾಫ್ ಫಲಕ ಈ ಮೂರೂ ಆಯ್ಕೆಗಳನ್ನು ಕೊಡುತ್ತಿತ್ತು. ಸರ್ವರ್‌ನ ಸ್ಥಿತಿ ನೋಡುವ ತಂಡಕ್ಕೆ ಇದು ಚಿಕ್ಕ ಆಯ್ಕೆ. ಮಳೆಯಲ್ಲಿ ಹಾಗಲ್ಲ, ಏಕೆಂದರೆ ಮೊಬೈಲ್ ಸಿಗ್ನಲ್ ಹೋಗುವುದು ಹೆಚ್ಚಾಗಿ ಮಳೆ ಜೋರಾಗಿರುವಾಗಲೇ. ಆಗ ಸೊನ್ನೆ ತುಂಬಿದರೆ ದೊಡ್ಡ ಮಳೆಯ ದಿನವೇ ಒಣ ದಿನವಾಗುತ್ತದೆ. ಇದರ ಮೇಲೆ, ತುಂಬಿದಾಗ ವಾಲಿ ಖಾಲಿಯಾಗುವ ಬಟ್ಟಲಿನ ಮಾಪಕ ಬಿರುಮಳೆಯಲ್ಲಿ ಸಹಜವಾಗಿಯೇ ಸ್ವಲ್ಪ ಕಡಿಮೆ ಎಣಿಸುತ್ತದೆ.

ವಿಮೆಯ ವಿವಾದ

ಅಂಕಿಗಳಿಗೆ ಹಣದ ಬೆಲೆ ಬಂದದ್ದು ಹವಾಮಾನ ಆಧಾರಿತ ಬೆಳೆ ವಿಮೆಯಿಂದ. 2007ರ ಮುಂಗಾರಿನಲ್ಲಿ ಈ ಯೋಜನೆಯನ್ನು ಪ್ರಾಯೋಗಿಕವಾಗಿ ಕರ್ನಾಟಕದಲ್ಲಿ ಜಾರಿಗೊಳಿಸಲಾಯಿತು. 2016ರಲ್ಲಿ ಅದನ್ನು ಮರುರಚಿಸಲಾಯಿತು. ಅಡಿಕೆ, ಕಾಳುಮೆಣಸಿಗೆ ಗ್ರಾಮ ಪಂಚಾಯಿತಿಯೇ ಘಟಕ. ಬೆಳೆಗಾರ ಕಟ್ಟುವ ಪಾಲು ವಿಮಾ ಮೊತ್ತದ ಗರಿಷ್ಠ ಶೇ. 5. ಕೊಳೆರೋಗದಿಂದ ಎಷ್ಟು ಕಾಯಿ ಉದುರಿತೆಂಬುದನ್ನು ಇಲ್ಲಿ ಯಾರೂ ಬಂದು ಎಣಿಸುವುದಿಲ್ಲ. ನಿಗದಿತ ಕೇಂದ್ರದ ಹವಾಮಾನ ಅಂಕಿ ಮಿತಿ ದಾಟಿದರೆ ಪರಿಹಾರ, ಇಲ್ಲದಿದ್ದರೆ ಇಲ್ಲ. ಆ ಕೇಂದ್ರದ ಅಂಕಿ ಸಿಗದಿದ್ದರೆ ಬದಲಿ ಕೇಂದ್ರದ ಅಂಕಿಯನ್ನು ಬಳಸಲು ಯೋಜನೆಯಲ್ಲಿ ಅವಕಾಶವಿದೆ.

ಮಾಪಕಗಳು ಕೆಟ್ಟಿವೆ, ಪಕ್ಕದ ಪಂಚಾಯಿತಿಯ ಅಂಕಿ ತಮ್ಮ ತೋಟಕ್ಕೆ ಹೊಂದದು ಎಂಬ ದೂರುಗಳು ಇತ್ತೀಚಿನ ವರ್ಷಗಳಲ್ಲಿ ಮಲೆನಾಡು, ಕರಾವಳಿ ಜಿಲ್ಲೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಘಟ್ಟದಂಚಿನಲ್ಲಿ ಕೆಲವೇ ಕಿಲೋಮೀಟರಿನಲ್ಲಿ ಮಳೆ ಬದಲಾಗುವುದರಿಂದ ಬದಲಿ ಅಂಕಿಯ ಬಗೆಗಿನ ಆಕ್ಷೇಪಕ್ಕೆ ಭೌಗೋಳಿಕ ಆಧಾರವಿದೆ. ಅಳೆದ ಅಂಕಿ ಯಾವುದು, ತುಂಬಿಸಿದ ಅಂಕಿ ಯಾವುದು ಎಂದು ಬೇರೆಬೇರೆಯಾಗಿ ತೋರಿಸದ ಡ್ಯಾಶ್‌ಬೋರ್ಡ್, ಅದರಲ್ಲಿ ಎಷ್ಟು ಮೂಲಗಳು ಸೇರಿದ್ದರೂ, ಇಂಥ ವಿವಾದ ಬಗೆಹರಿಸುವ ದಾಖಲೆಯಾಗಲಾರದು.