ಓದುವವರ ಬೀಗ, ಬರೆಯುವವರ ಬೀಗ: ಒಂದು ಗಣಕ ನಿಯಮದ ಇತಿಹಾಸ

(ಸಂಘದ ಉಪನ್ಯಾಸ ಮಾಲೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಗಣಕಯಂತ್ರದ ವಿಚಾರವೆಂದರೆ ಅದು ಆ ವೃತ್ತಿಯಲ್ಲಿ ದುಡಿಯುವವರಿಗೆ ಮಾತ್ರ ಸೇರಿದ್ದೆಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ಆದರೆ ಬ್ಯಾಂಕಿನ ಲೆಕ್ಕ, ವಿಮಾನದ ಟಿಕೆಟ್ಟು, ಮನೆಯ ವಿದ್ಯುತ್ತು ಎಲ್ಲವೂ ಗಣಕಗಳನ್ನೇ ಆಶ್ರಯಿಸಿರುವ ಈ ಕಾಲದಲ್ಲಿ ಅವುಗಳ ಒಳಗಿನ ಒಂದು ಪುಟ್ಟ ನಿಯಮದ ಇತಿಹಾಸವನ್ನು ವಿವೇಚಿಸುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ. ಒಂದೇ ಮಾಹಿತಿಯನ್ನು ಅನೇಕರು ಏಕಕಾಲದಲ್ಲಿ ಬಳಸುವಾಗ ಓದುವವರು ಯಾವಾಗ ಒಳಬರಬೇಕು, ಬರೆಯುವವರು ಯಾವಾಗ ಒಳಬರಬೇಕು, ಯಾರು ಯಾರಿಗಾಗಿ ಕಾಯಬೇಕು ಎಂಬುದೇ ಆ ನಿಯಮದ ವಸ್ತು.

ಊರಿನ ಶಾಲೆಯ ಸೂಚನಾ ಫಲಕದ ಮೇಲೆ ಎಸ್.ಎಸ್.ಎಲ್.ಸಿ. ಫಲಿತಾಂಶ ಅಂಟಿಸುತ್ತಿದ್ದುದನ್ನು ನಮ್ಮಲ್ಲಿ ಹಲವರು ಬಲ್ಲೆವು. ಐವತ್ತು ಹುಡುಗರು ಒಟ್ಟಿಗೆ ನಿಂತು ಓದಿದರೂ ಒಬ್ಬರಿಂದ ಇನ್ನೊಬ್ಬರಿಗೆ ತೊಂದರೆಯಿಲ್ಲ. ಆದರೆ ಗುಮಾಸ್ತರು ಬಂದು ಅದೇ ಹಾಳೆಯ ಅಂಕಿಗಳನ್ನು ತಿದ್ದತೊಡಗಿದರೆ, ಅರ್ಧ ತಿದ್ದಿದ ಹಾಳೆಯನ್ನು ಓದಿದ ಹುಡುಗ ಹೊಸ ನೋಂದಣಿ ಸಂಖ್ಯೆಯ ಎದುರು ಹಳೆಯ ಅಂಕವನ್ನು ಕಂಡು ಮನೆಗೆ ಓಡುತ್ತಾನೆ. ಇಬ್ಬರು ಗುಮಾಸ್ತರು ಒಟ್ಟಿಗೆ ತಿದ್ದಿದರಂತೂ ಆ ಹಾಳೆಯನ್ನು ಯಾರೂ ನಂಬುವಂತಿಲ್ಲ. ಆದುದರಿಂದ ನಿಯಮ ಸರಳ: ಓದುವವರು ಎಷ್ಟು ಮಂದಿ ಬೇಕಾದರೂ ಜೊತೆಯಾಗಿ ಓದಬಹುದು, ಬರೆಯುವವನು ಒಬ್ಬನೇ ಇರಬೇಕು, ಅವನು ಬರೆಯುವಾಗ ಓದುವವರೂ ಇರಬಾರದು.

ಇಂದಿನ ಒಂದು ಪ್ರೋಗ್ರಾಮಿನೊಳಗೆ ಹಲವು ಕೆಲಸಗಳು ಅಕ್ಕಪಕ್ಕದಲ್ಲಿ ಸಾಗುತ್ತಿರುತ್ತವೆ. ಅವಕ್ಕೆ ಇಂಗ್ಲಿಷಿನಲ್ಲಿ ಥ್ರೆಡ್ ಎಂಬ ಹೆಸರು, ನಾವು ಎಳೆಗಳೆನ್ನೋಣ. ಈ ಎಳೆಗಳೆಲ್ಲ ಒಂದೇ ಸ್ಮೃತಿಯನ್ನು ಹಂಚಿಕೊಳ್ಳುತ್ತವೆಯಾದ್ದರಿಂದ ಅವುಗಳ ನಡುವೆ ಸೂಚನಾ ಫಲಕದ ಸಮಸ್ಯೆಯೇ ಕ್ಷಣಕ್ಷಣಕ್ಕೂ ಏಳುತ್ತದೆ. ಅದನ್ನು ಪರಿಹರಿಸುವ ಸಾಧನವೇ ರೀಡ್-ರೈಟ್ ಲಾಕ್, ಅಂದರೆ ಓದು-ಬರಹದ ಬೀಗ.

ಇಂಥ ನಿಯಮ ತಪ್ಪಿದರೆ ಆಗುವುದೇನು? 2003ರ ಆಗಸ್ಟ್ 14ರಂದು ಅಮೆರಿಕದ ಎಂಟು ರಾಜ್ಯಗಳು ಹಾಗೂ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸುಮಾರು 5 ಕೋಟಿ ಜನ ವಿದ್ಯುತ್ತಿಲ್ಲದೆ ಕತ್ತಲಲ್ಲಿ ಮುಳುಗಿದರು. ಒಹಾಯೊ ರಾಜ್ಯದಲ್ಲಿ ಎತ್ತರಕ್ಕೆ ಬೆಳೆದ ಮರಗಳು ತಂತಿಗಳಿಗೆ ತಗುಲಿದ್ದು ನಿಜ. ಆದರೆ ಅಲ್ಲಿನ ಫಸ್ಟ್ ಎನರ್ಜಿ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ನೀಡಬೇಕಾಗಿದ್ದ ತಂತ್ರಾಂಶ ಮಧ್ಯಾಹ್ನ 2 ಗಂಟೆ 14 ನಿಮಿಷದ ನಂತರ ಸದ್ದಿಲ್ಲದೆ ಸ್ತಬ್ಧವಾಗಿತ್ತು. ಅದು ಸ್ತಬ್ಧವಾದುದು ಅಲ್ಲಿದ್ದವರಿಗೆ ಬಹಳ ಹೊತ್ತು ತಿಳಿಯಲೇ ಇಲ್ಲ. ವಾರಗಟ್ಟಲೆ ಶೋಧಿಸಿದ ಮೇಲೆ ಸಿಕ್ಕ ದೋಷವಿದು: ಒಂದೇ ದತ್ತಾಂಶದ ಮೇಲೆ ಎರಡು ಪ್ರಕ್ರಿಯೆಗಳಿಗೆ ಏಕಕಾಲದಲ್ಲಿ ಬರೆಯುವ ಅವಕಾಶ ದೊರೆತು ದತ್ತಾಂಶ ಕೆಟ್ಟಿತ್ತು, ಕೆಟ್ಟ ದತ್ತಾಂಶವನ್ನು ಹಿಡಿದ ಪ್ರೋಗ್ರಾಮು ಕೊನೆಯಿಲ್ಲದ ಸುತ್ತಿನಲ್ಲಿ ಸಿಲುಕಿತ್ತು. ಆ ದಿನದ ಕತ್ತಲೆಗೆ ಇದೊಂದೇ ಕಾರಣವಲ್ಲ. ಆದರೆ ಎಚ್ಚರಿಸಬೇಕಾದವರೇ ಎಚ್ಚರ ತಪ್ಪಲು ಇದು ಕಾರಣವಾಯಿತು.

ಈ ನಿಯಮದ ಚರಿತ್ರೆ ನೆದರ್‌ಲೆಂಡ್ಸ್ ದೇಶದಿಂದ ಆರಂಭವಾಗುತ್ತದೆ. 1965ರಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರು ಒಂದೇ ಪುಟದ ಲೇಖನವೊಂದರಲ್ಲಿ, ಅನೇಕ ಪ್ರಕ್ರಿಯೆಗಳ ಪೈಕಿ ಒಂದು ಸಮಯಕ್ಕೆ ಒಂದಕ್ಕೆ ಮಾತ್ರ ನಿರ್ಣಾಯಕ ಭಾಗದೊಳಗೆ ಪ್ರವೇಶ ಸಿಗುವಂತೆ ಮಾಡುವ ವಿಧಾನವನ್ನು ತೋರಿಸಿದರು. ಅದೇ ಕಾಲದಲ್ಲಿ ಅವರು ರೂಪಿಸಿದ ಇನ್ನೊಂದು ಸಾಧನಕ್ಕೆ ಸೆಮಾಫೋರ್ ಎಂದು ಹೆಸರಿಟ್ಟರು. ಸೆಮಾಫೋರ್ ಎಂದರೆ ರೈಲು ಹಳಿಯ ಪಕ್ಕದ ಕೈಮರ. ಕೈಮರ ಇಳಿಯುವವರೆಗೆ ಗಾಡಿ ನಿಲ್ಲುವಂತೆ, ದಾರಿ ತೆರವಾಗುವವರೆಗೆ ಪ್ರಕ್ರಿಯೆ ನಿಲ್ಲಬೇಕು. ಆದರೆ ಈ ಏರ್ಪಾಡಿನಲ್ಲಿ ಓದುವವನಿಗೂ ಬರೆಯುವವನಿಗೂ ಭೇದವಿರಲಿಲ್ಲ. ಬರಿದೆ ನೋಡಿ ಹೋಗಲು ಬಂದವರೂ ಒಬ್ಬೊಬ್ಬರಾಗಿಯೇ ಹೋಗಬೇಕಾಗಿತ್ತು.

ಆ ಭೇದವನ್ನು ಗುರುತಿಸಿದ್ದು 1971ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಎರಡು ಪುಟಗಳ ಲೇಖನ. ಬೆಲ್ಜಿಯಂ ದೇಶದ ಕೂರ್ತ್ವಾ ಮತ್ತು ಹೇಮನ್ಸ್ ಅವರು ಡೇವಿಡ್ ಪಾರ್ನಾಸ್ ಅವರೊಡನೆ ಸೇರಿ ಬರೆದದ್ದು. ಅವರ ಮೊದಲ ಪರಿಹಾರ ಹೀಗಿದೆ: ಒಳಗಿರುವ ಓದುವವರ ಸಂಖ್ಯೆಯನ್ನು ಲೆಕ್ಕವಿಡಬೇಕು, ಮೊದಲು ಒಳಬಂದವನು ಬರೆಯುವವರ ಬಾಗಿಲನ್ನು ಮುಚ್ಚಬೇಕು, ಕೊನೆಗೆ ಹೊರಟವನು ಅದನ್ನು ತೆರೆಯಬೇಕು, ನಡುವೆ ಬಂದು ಹೋಗುವವರು ಲೆಕ್ಕವನ್ನು ಹೆಚ್ಚು ಕಡಿಮೆ ಮಾಡಿದರೆ ಸಾಕು.

ಉಪಾಯ ಸೊಗಸಾಗಿದೆ. ಆದರೆ ಇದರಲ್ಲಿ ಒಂದು ಅನ್ಯಾಯವೂ ಅಡಗಿದೆ. ಒಬ್ಬ ಓದುವವನು ಹೊರಡುವ ಮುನ್ನವೇ ಮತ್ತೊಬ್ಬ ಒಳಬರುತ್ತಿದ್ದರೆ ಲೆಕ್ಕ ಸೊನ್ನೆಗಿಳಿಯುವುದೇ ಇಲ್ಲ. ಬರೆಯಬೇಕಾದವನು ಬಾಗಿಲಲ್ಲಿ ಎಷ್ಟು ಕಾಲವಾದರೂ ನಿಂತೇ ಇರಬಹುದು. ಎಲ್ಲರೂ ಓದುತ್ತಿದ್ದಾರೆ, ಆದರೆ ಓದುತ್ತಿರುವುದು ಹಳೆಯ ಸುದ್ದಿಯನ್ನು. ಲೇಖಕರಿಗೆ ಇದು ತಿಳಿದಿತ್ತು. ಆದುದರಿಂದ ಅದೇ ಲೇಖನದಲ್ಲಿ ಎರಡನೆಯ ಪರಿಹಾರವನ್ನೂ ಕೊಟ್ಟರು: ಬರೆಯುವವನು ಬಂದು ನಿಂತೊಡನೆ ಹೊಸ ಓದುವವರನ್ನು ತಡೆಯಬೇಕು. ಇದರಲ್ಲಿ ಬರೆಯುವವರು ಒಬ್ಬರ ಹಿಂದೊಬ್ಬರು ಬರುತ್ತಿದ್ದರೆ ಓದುವವರು ಉಪವಾಸ ಬೀಳುತ್ತಾರೆ. ಎರಡು ಪಕ್ಷಗಳನ್ನೂ ಎದುರಿಗಿಟ್ಟು, ಆಯ್ಕೆ ನಿಮ್ಮದೆಂದು ಬಿಟ್ಟ ಆ ಪ್ರಾಮಾಣಿಕತೆಯಿಂದಲೇ ಆ ಪುಟ್ಟ ಲೇಖನ ದೊಡ್ಡದಾಯಿತೆಂದು ನಮಗೆ ತೋರುತ್ತದೆ.

1974ರಲ್ಲಿ ಬ್ರಿಟನ್ನಿನ ಟೋನಿ ಹೋರ್ ಅವರು ತಮ್ಮ ಮಾನಿಟರ್ ಪದ್ಧತಿಯನ್ನು ವಿವರಿಸುವಾಗ ಮಧ್ಯಮ ಮಾರ್ಗವೊಂದನ್ನು ತೋರಿಸಿದರು. ಬರೆಯುವವನು ಕಾದಿದ್ದರೆ ಹೊಸ ಓದುವವರಿಗೆ ಪ್ರವೇಶವಿಲ್ಲ; ಆದರೆ ಅವನ ಬರಹ ಮುಗಿದೊಡನೆ, ಅಷ್ಟರಲ್ಲಿ ಬಂದು ಕಾದಿರುವ ಓದುವವರೆಲ್ಲರಿಗೂ ಒಟ್ಟಿಗೆ ಅವಕಾಶ. ಹೀಗೆ ಎರಡು ಕಡೆಯವರಿಗೂ ಸರದಿ ತಪ್ಪುವುದಿಲ್ಲ.

ಅದೇ ದಶಕದಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯ ಐ.ಬಿ.ಎಂ. ಪ್ರಯೋಗಾಲಯದಲ್ಲಿ ಜಿಮ್ ಗ್ರೇ ಮತ್ತು ಅವರ ಸಹೋದ್ಯೋಗಿಗಳು ದತ್ತಾಂಶ ಸಂಗ್ರಹಗಳಿಗೆ ಈ ವಿಚಾರವನ್ನು ಅಳವಡಿಸುತ್ತಿದ್ದರು. 1976ರಲ್ಲಿ ಎಸ್ವರನ್, ಗ್ರೇ, ಲೋರಿ ಹಾಗೂ ಟ್ರೇಗರ್ ಅವರ ಲೇಖನ ಹಂಚಿಕೊಳ್ಳುವ ಬೀಗ, ಏಕಸ್ವಾಮ್ಯದ ಬೀಗ ಎಂಬ ಭೇದಕ್ಕೆ ಭದ್ರವಾದ ತಾತ್ವಿಕ ತಳಹದಿಯನ್ನು ಹಾಕಿತು. ಒಂದು ಖಾತೆಯಿಂದ ಹಣ ತೆಗೆದು ಇನ್ನೊಂದಕ್ಕೆ ಹಾಕುವ ನಡುವಿನ ಕ್ಷಣದಲ್ಲಿ ಬೇರೊಬ್ಬರು ಲೆಕ್ಕ ನೋಡಿ ಹಣವೇ ಮಾಯವಾಯಿತೆಂದು ಗಾಬರಿಯಾಗದಿರುವುದು ಇಂಥ ಬೀಗಗಳ ಕೃಪೆಯಿಂದ.

ಎಳೆಗಳ ಪ್ರೋಗ್ರಾಮುಗಳಿಗೆ ಈ ಬೀಗ ಪ್ರಮಾಣಿತ ರೂಪದಲ್ಲಿ ಬರಲು ಇನ್ನೂ ಕಾಲ ಹಿಡಿಯಿತು. 1995ರ ಪಾಸಿಕ್ಸ್ ಎಳೆಗಳ ಮಾನದಂಡದಲ್ಲಿ ಸಾಮಾನ್ಯ ಬೀಗವಿತ್ತು, ಓದು-ಬರಹದ ಬೀಗವಿರಲಿಲ್ಲ. 1997ರಲ್ಲಿ ಯುನಿಕ್ಸ್ ನಿರ್ದೇಶಿಕೆಯ ಎರಡನೆಯ ಆವೃತ್ತಿಯಲ್ಲಿ ಅದು ಸೇರಿತು. 2001ರಲ್ಲಿ ಪಾಸಿಕ್ಸ್‌ಗೂ ಬಂದಿತು. ಜಾವಾ ಭಾಷೆಗೆ 2004ರಲ್ಲಿ, ಸಿ ಪ್ಲಸ್ ಪ್ಲಸ್ ಭಾಷೆಗೆ 2014 ಮತ್ತು 2017ರ ಮಾನದಂಡಗಳಲ್ಲಿ ದೊರೆಯಿತು. ಆದರೂ 1971ರ ಪ್ರಶ್ನೆ ಹಾಗೆಯೇ ಉಳಿದಿದೆ. ಲಿನಕ್ಸ್‌ನ ಸಾಮಾನ್ಯ ಗ್ರಂಥಾಲಯದಲ್ಲಿ ಬೇರೆ ಸೂಚನೆಯಿಲ್ಲದಿದ್ದರೆ ಓದುವವರಿಗೇ ಆದ್ಯತೆ. ಜಾವಾದಲ್ಲಿ ಸರದಿಯ ನ್ಯಾಯ ಬೇಕೆಂದರೆ ಅದನ್ನು ಬಾಯಿಬಿಟ್ಟು ಕೇಳಬೇಕು, ಕೇಳದಿದ್ದರೆ ಸಿಗುವುದಿಲ್ಲ.

ಇನ್ನೊಂದು ಅಪಾಯವೂ ಉಂಟು. ಓದುತ್ತಿರುವ ಇಬ್ಬರಿಗೆ ಒಮ್ಮೆಲೇ ಬರೆಯುವ ಆಸೆ ಹುಟ್ಟಿತೆನ್ನಿ. ತನ್ನ ಓದಿನ ಬೀಗವನ್ನು ಬಿಡದೆ ಪ್ರತಿಯೊಬ್ಬನೂ ಇನ್ನೊಬ್ಬ ಹೊರಡಲೆಂದು ಕಾಯುತ್ತಾನೆ. ಇಬ್ಬರೂ ಹೊರಡುವುದಿಲ್ಲ, ಪ್ರೋಗ್ರಾಮು ಅಲ್ಲಿಗೇ ನಿಲ್ಲುತ್ತದೆ. ಆದುದರಿಂದಲೇ ಜಾವಾದ ಬೀಗದಲ್ಲಿ ಬರಹದಿಂದ ಓದಿಗೆ ಇಳಿಯಬಹುದು, ಓದಿನಿಂದ ಬರಹಕ್ಕೆ ಏರುವಂತಿಲ್ಲ. ಮೊದಲು ಓದಿನ ಬೀಗ ಬಿಟ್ಟು, ಬರಹದ ಬೀಗಕ್ಕೆ ಕಾದು, ಸಿಕ್ಕ ಮೇಲೆ ಮಾಹಿತಿ ಬದಲಾಗಿದೆಯೇ ಎಂದು ಮತ್ತೊಮ್ಮೆ ನೋಡುವುದೇ ಕ್ರಮ.

ಒಂದೇ ಯಂತ್ರದಲ್ಲಿ ಸಂಸ್ಕಾರಕಗಳ ಸಂಖ್ಯೆ ಹೆಚ್ಚಿದಂತೆ ಮತ್ತೊಂದು ಸತ್ಯ ಹೊರಬಿತ್ತು. ಓದಲು ಬಂದವನು ಒಳಗಿರುವವರ ಲೆಕ್ಕವನ್ನು ಒಂದು ಹೆಚ್ಚಿಸಬೇಕಷ್ಟೆ? ಹೆಚ್ಚಿಸುವುದೆಂದರೆ ಬರೆಯುವುದೇ. ಪ್ರತಿಯೊಂದು ಸಂಸ್ಕಾರಕವೂ ಆ ಲೆಕ್ಕವಿರುವ ಸ್ಮೃತಿಯ ತುಣುಕನ್ನು ತನ್ನೆಡೆಗೆ ಸೆಳೆದುಕೊಳ್ಳಬೇಕು. ಹತ್ತಾರು ಸಂಸ್ಕಾರಕಗಳು ಎಳೆದಾಡಿದಾಗ, ಒಟ್ಟಿಗೆ ಓದಲು ಬಂದವರು ಹಾಜರಿ ಪುಸ್ತಕದ ಮುಂದೆಯೇ ಸಾಲುಗಟ್ಟಿ ನಿಂತಂತಾಗುತ್ತದೆ. ಓದು ಕ್ಷಣಮಾತ್ರದ್ದಾಗಿದ್ದರೆ ಸಾದಾ ಬೀಗವೇ ಲೇಸೆಂದು ಲಿನಕ್ಸ್ ತಿರುಳಿನ ಕೈಪಿಡಿಯೇ ಸಲಹೆ ಕೊಡುತ್ತದೆ.

ಇದಕ್ಕೆ ಉತ್ತರವಾಗಿ 1990ರ ದಶಕದಲ್ಲಿ ಅಮೆರಿಕದ ಸೀಕ್ವೆಂಟ್ ಕಂಪನಿಯ ಪಾಲ್ ಮೆಕೆನ್ನಿ ಮತ್ತು ಜಾನ್ ಸ್ಲಿಂಗ್‌ವೈನ್ ಅವರು ಬೇರೊಂದು ದಾರಿಯನ್ನು ರೂಪಿಸಿದರು. ಆರ್.ಸಿ.ಯು. ಎಂಬ ಈ ವಿಧಾನ 2002ರಲ್ಲಿ ಲಿನಕ್ಸ್ ತಿರುಳನ್ನು ಸೇರಿತು. ಇದರಲ್ಲಿ ಗುಮಾಸ್ತರು ಗೋಡೆಯ ಮೇಲಿನ ಹಾಳೆಯನ್ನು ತಿದ್ದುವುದಿಲ್ಲ. ಒಳಗೆ ಕುಳಿತು ಹೊಸ ಹಾಳೆಯನ್ನು ಪೂರ್ತಿ ಸಿದ್ಧಪಡಿಸಿ, ಒಂದೇ ಕ್ಷಣದಲ್ಲಿ ಹಳೆಯದರ ಸ್ಥಾನದಲ್ಲಿ ಇಡುತ್ತಾರೆ. ಹಳೆಯದನ್ನು ಓದುತ್ತಿದ್ದವರು ಅದನ್ನೇ ಓದಿ ಮುಗಿಸುತ್ತಾರೆ. ಅವರೆಲ್ಲ ಹೊರಟ ಮೇಲೆಯೇ ಹಳೆಯ ಹಾಳೆ ಕಸದ ಬುಟ್ಟಿಗೆ. ಓದುವವನಿಗೆ ಬಹುಮಟ್ಟಿಗೆ ಖರ್ಚಿಲ್ಲ. ಆದರೆ ಅವನು ಸ್ವಲ್ಪ ಹೊತ್ತು ಹಳೆಯ ಸುದ್ದಿಯನ್ನು ಓದಬಹುದೆಂಬುದನ್ನು ಒಪ್ಪಬೇಕು, ಬರೆಯುವವನು ಹೆಚ್ಚು ಶ್ರಮಪಡಬೇಕು.

ಈ ಇತಿಹಾಸದ ಉದ್ದಕ್ಕೂ ನಾವು ಕಾಣುವುದು ಒಂದೇ ಸಂಗತಿ. ಕಾಯುವಿಕೆಯನ್ನು ಯಾವ ಬೀಗವೂ ಇಲ್ಲವಾಗಿಸಲಿಲ್ಲ. ಅದನ್ನು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ವರ್ಗಾಯಿಸಿತು. ಈ ವೃತ್ತಿಗೆ ಬರುತ್ತಿರುವ ನಮ್ಮ ಮಕ್ಕಳು ಬೀಗವನ್ನು ಆರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳೂ ಅದರಿಂದಲೇ ಹುಟ್ಟುತ್ತವೆ. ಓದುವವರೆಷ್ಟು, ಬರೆಯುವವರೆಷ್ಟು? ಓದು ಎಷ್ಟು ಹೊತ್ತಿನದು? ಹಳೆಯ ಸುದ್ದಿಯನ್ನು ಓದಿದರೆ ಯಾರಿಗೆ ಹಾನಿ? ಬ್ಯಾಂಕಿನ ಲೆಕ್ಕಕ್ಕೆ ತಕ್ಕ ಉತ್ತರ ಹವಾಮಾನದ ವರದಿಗೆ ತಕ್ಕುದಲ್ಲ. ವೇಗದ ಅಂಕಿಗಳನ್ನು ಅಳೆಯುವ ಉಪಕರಣಗಳು ಧಾರಾಳವಾಗಿವೆ. ಬಾಗಿಲ ಹೊರಗೆ ನಿಂತವನು ಯಾರೆಂದು ಮೊದಲು ಕೇಳಿಕೊಳ್ಳುವ ಅಭ್ಯಾಸವನ್ನು ನಾವೇ ಬೆಳೆಸಿಕೊಳ್ಳಬೇಕು.