ಆ ಟ್ಯೂನ್ ಕಟ್ಟಿದವರ ಹೆಸರೇನು?

ಒಂದು ಸಣ್ಣ ಪರೀಕ್ಷೆ ಮಾಡಿ. ನಿಮ್ಮ ಮನೆಯಲ್ಲಿ ಮೂವತ್ತೈದು ದಾಟಿದ ಮಗನೋ ಮಗಳೋ ಇದ್ದರೆ, ‘ಮಾರಿಯೊ ಗೇಮಿನ ಟ್ಯೂನ್ ಒಮ್ಮೆ ಗುನುಗು’ ಅಂತ ಹೇಳಿ ನೋಡಿ. ತಡವರಿಸದೆ ಗುನುಗ್ತಾರೆ. ಆಮೇಲೆ ಕೇಳಿ: ‘ಅದನ್ನು ಕಟ್ಟಿದವರು ಯಾರು?’ ಮೌನ. ಹಂಸಲೇಖ ಅವರ ಹಾಡಿನ ಒಂದು ಬಿಟ್ ಕೇಳಿದರೆ ಸಾಕು, ಹೆಸರು ಹೇಳುವ ಜನ ನಾವು. ಇಲ್ಲಿ ಮಾತ್ರ ಯಾಕೆ ಬಾಯಿ ಕಟ್ಟಿಹೋಗುತ್ತೆ?

ಈ ಪ್ರಶ್ನೆ ಇಟ್ಟುಕೊಂಡು ನಾನು ಹೋಗಬೇಕಿರೋದು ಪುತ್ತೂರು, ಸುಳ್ಯ, ಕಡಬದ ಕಡೆಗೆ. ಆದರೆ ದಾರಿ ಜಪಾನಿನ ಮೇಲೆ ಹಾದುಹೋಗುತ್ತೆ. ಸ್ವಲ್ಪ ತಾಳ್ಮೆ ಇರಲಿ.

ಆ ಮನುಷ್ಯನ ಹೆಸರು ಕೋಜಿ ಕೊಂಡೊ. 1984ರಲ್ಲಿ ನಿಂಟೆಂಡೊ ಕಂಪನಿಗೆ ಸೇರಿದ ಹುಡುಗ. ಮರುವರ್ಷ ಸೆಪ್ಟೆಂಬರ್‌ನಲ್ಲಿ ‘ಸೂಪರ್ ಮಾರಿಯೊ ಬ್ರದರ್ಸ್’ ಬಂತು. ಚಿತ್ರ, ಆಟ, ಸಂಗೀತ ಎಲ್ಲ ಸೇರಿ 40 ಕಿಲೊಬೈಟ್. ಬೆಳಿಗ್ಗೆ ನಿಮ್ಮ ವಾಟ್ಸ್ಆ್ಯಪ್‌ಗೆ ಬರುವ ಹೂವಿನ ಗುಡ್ ಮಾರ್ನಿಂಗ್ ಚಿತ್ರ ಅದಕ್ಕಿಂತ ದೊಡ್ಡದು! ಯಂತ್ರದ ಒಳಗಿದ್ದ ಚಿಪ್ಪಿಗೆ ಒಂದು ಸಲಕ್ಕೆ ಮೂರು ಸ್ವರ ಹಿಡಿಯುವ ಶಕ್ತಿ, ತಾಳಕ್ಕೆ ಒಂದು ಕರಕರ ಸದ್ದು. ಅಷ್ಟೇ. ಅದರಲ್ಲೂ ಮಾರಿಯೊ ಹಾರಿದಾಗ ಬರುವ ‘ಟುಂಯ್’ ಸದ್ದಿಗೆ ಜಾಗ ಬೇಕು ಅಂತ ಹಾಡಿನ ಒಂದು ದನಿ ಕ್ಷಣಕಾಲ ಸರಿದು ನಿಲ್ಲಬೇಕು. ನಮ್ಮ ಕಿವಿಗೆ ಅದು ಗೊತ್ತೇ ಆಗಲ್ಲ. ಕೊಂಡೊ ಮೊದಲು ಮಾಡಿದ ಟ್ಯೂನ್ ನಿಧಾನದ್ದಾಗಿತ್ತು, ಮಾರಿಯೊನ ಓಟಕ್ಕೆ ಹೊಂದಲಿಲ್ಲ. ಅದನ್ನು ಬಿಟ್ಟು ಹೊಸದಾಗಿ ಕಟ್ಟಿದರು. ಕೈಯಲ್ಲಿರುವ ಸಮಯ ನೂರಕ್ಕಿಂತ ಕೆಳಗಿಳಿದರೆ ಅದೇ ಹಾಡು ಏಕಾಏಕಿ ಜೋರು ಓಡುತ್ತೆ, ಆಡುವವರ ಎದೆಯೂ ಹೊಡೆದುಕೊಳ್ಳುತ್ತೆ.

ಈ ವಿದ್ಯೆ ಕೊಂಡೊಗಿಂತ ಹಳೆಯದು. 1978ರ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಇದ್ದದ್ದು ಬರೀ ನಾಲ್ಕು ಸ್ವರ, ಇಳಿಯುತ್ತಾ ಬರುವ ನಾಲ್ಕು ಸ್ವರ. ಶತ್ರುಗಳು ಹತ್ತಿರ ಬಂದಂತೆ ಅದರ ವೇಗ ಏರುತ್ತೆ. ಇದನ್ನು ಪುತ್ತೂರಿನವರಿಗೆ ವಿವರಿಸಿ ಹೇಳಬೇಕಾ? ತೆಂಕುತಿಟ್ಟಿನ ಯಕ್ಷಗಾನ ನೋಡಿದವರಿಗೆ ಗೊತ್ತು. ಭಾಗವತರ ಕಣ್ಣು ವೇಷಧಾರಿಯ ಹೆಜ್ಜೆಯ ಮೇಲೆ ಇರುತ್ತೆ. ರಾಕ್ಷಸ ಪ್ರವೇಶ ಆಯ್ತು, ಚೆಂಡೆ ಏರಿತು. ಯುದ್ಧ ಬಿಗಿಯಾಯ್ತು, ಇನ್ನೂ ಏರಿತು. ಹಾಡು ಮೊದಲೇ ಮುಗಿದ ವಸ್ತು ಅಲ್ಲ, ಆಟ ನಡೆದ ಹಾಗೆ ನಡೆಯುವಂಥದ್ದು. ಕರಾವಳಿಯಲ್ಲಿ ಯಕ್ಷಗಾನಕ್ಕೆ ಜನ ಹೇಳೋದೂ ‘ಆಟ’ ಅಂತಲೇ ಅಲ್ವಾ?

ಈಗ ಊರಿಗೆ ಬರೋಣ. 1990ರ ದಶಕದಲ್ಲಿ ಈ ಸಂಗೀತ ನಮ್ಮ ದೇಶಕ್ಕೆ ಬಂದದ್ದು ನಿಂಟೆಂಡೊ ಪೆಟ್ಟಿಗೆಯಲ್ಲಿ ಅಲ್ಲ. ‘ಮೀಡಿಯಾ’, ‘ಲಿಟ್ಲ್ ಮಾಸ್ಟರ್’ ಅಂತ ಹೆಸರು ಹೊತ್ತ ನಕಲು ಯಂತ್ರಗಳಲ್ಲಿ. ಟಿವಿಗೆ ವಯರ್ ಸಿಕ್ಕಿಸಿ, ಮೇಲೊಂದು ‘ಕ್ಯಾಸೆಟ್’ ಒತ್ತಿದರೆ ಆಯ್ತು. ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಅಂತ ಬರೆದಿರುತ್ತಿತ್ತು, ಒಳಗೆ ಇರುತ್ತಿದ್ದದ್ದು ಅವೇ ಕೆಲವು ಆಟಗಳು, ಮತ್ತೆ ಮತ್ತೆ. ಪುತ್ತೂರು ಸುಳ್ಯದ ಮಳೆಗಾಲ ನೆನಪಿಸಿಕೊಳ್ಳಿ. ಹೊರಗೆ ಹೋಗೋಕಾಗಲ್ಲ, ಹೆಂಚಿನ ಮೇಲೆ ಮಳೆ, ಒಳಗೆ ‘ಕಾಂಟ್ರಾ’. ನಡುವೆ ಕರೆಂಟ್ ಹೋಯ್ತೋ, ಮತ್ತೆ ಮೊದಲಿನಿಂದ, ಮತ್ತೆ ಅದೇ ಮ್ಯೂಸಿಕ್. ಒಂದು ಹಾಡು ಸಾವಿರ ಸಲ ಕಿವಿಗೆ ಬಿದ್ದರೆ ಮರೆಯೋಕೆ ಸಾಧ್ಯವಾ?

ಆ ನಕಲು ಕ್ಯಾಸೆಟ್ ಮಾಡಿದವರು ಮೊದಲು ಅಳಿಸುತ್ತಿದ್ದದ್ದು ಕಂಪನಿಯ ಹೆಸರನ್ನು. ಹಕ್ಕುಸ್ವಾಮ್ಯದ ಸಾಲು ಹೋಯ್ತು, ಇಸವಿ ಹೋಯ್ತು. ಸಂಗೀತಗಾರರ ಹೆಸರಂತೂ ಎಷ್ಟೋ ಕಡೆ ಅಸಲಿ ಆಟದಲ್ಲೇ ಇರುತ್ತಿರಲಿಲ್ಲ. ಜಪಾನಿನ ಕಂಪನಿಗಳಲ್ಲಿ ಆಗ ಅಡ್ಡಹೆಸರು ಹಾಕುವ ರೂಢಿ. 1991ರ ‘ಸ್ಟ್ರೀಟ್ ಫೈಟರ್ 2’ ನೋಡಿ. ಅದರ ಬಹುಪಾಲು ಸಂಗೀತ ಯೋಕೊ ಶಿಮೊಮುರಾ ಎಂಬ ಹೆಣ್ಣುಮಗಳದ್ದು, ಆಕೆ ಗುರುತಿಸಿಕೊಂಡದ್ದು ‘ಶಿಮೊ-ಪಿ’ ಅಂತ. ಆ ಆಟದಲ್ಲಿ ನಮ್ಮ ದೇಶದ ಪ್ರತಿನಿಧಿ ಯಾರು ಗೊತ್ತಾ? ಕೈಕಾಲು ರಬ್ಬರಿನಂತೆ ಉದ್ದ ಮಾಡಿ, ಬಾಯಿಂದ ಬೆಂಕಿ ಉಗುಳುವ ಯೋಗಿ ಧಾಲ್ಸಿಮ್. ಹಿಂದೆ ಸಾಲಾಗಿ ಆನೆಗಳು. ನಮ್ಮ ಮಕ್ಕಳು ಆಟದಲ್ಲಿ ಕೇಳಿದ ‘ಭಾರತದ ರಾಗ’ ಒಸಾಕಾದಲ್ಲಿ ತಯಾರಾದದ್ದು.

ಇದಕ್ಕಿಂತ ಮಜಾ ಟೆಟ್ರಿಸ್ ಕಥೆ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿತ್ನೊವ್ ಮಾಡಿದ ಆಟ. 1989ರಲ್ಲಿ ಗೇಮ್ ಬಾಯ್ ಯಂತ್ರಕ್ಕೆ ಬಂದಾಗ ಹಿರೊಕಾಜು ತನಾಕಾ ಅದಕ್ಕೆ ಒಂದು ಹಳೇ ರಷ್ಯನ್ ಜನಪದ ಧಾಟಿ ಕೂರಿಸಿದರು. ‘ಕೊರೊಬೈನಿಕಿ’. ಹಾಗಂದ್ರೆ ಪೆಟ್ಟಿಗೆ ಹೊತ್ತು ಊರೂರು ಸುತ್ತುವ ವ್ಯಾಪಾರಿಗಳು. ಮಾತುಗಳು 1861ರಲ್ಲಿ ನೆಕ್ರಾಸೊವ್ ಬರೆದ ಪದ್ಯದಿಂದ ಬಂದದ್ದು. ಆ ಟೆಟ್ರಿಸ್ಸಿನ ಅಗ್ಗದ ನಕಲು ‘ಬ್ರಿಕ್ ಗೇಮ್’ ನಮ್ಮ ಜಾತ್ರೆಗಳ ಸಂತೆಯಲ್ಲಿ ಬಳೆ, ಪೀಪಿ, ಬಲೂನಿನ ಪಕ್ಕದಲ್ಲಿ ಮಾರಾಟಕ್ಕೆ ಕೂತಿತು. ಏಪ್ರಿಲ್‌ನಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೆ, ಚಂಪಾಷಷ್ಠಿಗೆ ಸುಬ್ರಹ್ಮಣ್ಯಕ್ಕೆ ಹೋದವರು ಆ ಸಂತೆ ಕಂಡವರೇ. ಊರೂರು ಸುತ್ತುವ ವ್ಯಾಪಾರಿಯ ಹಾಡಿನಿಂದ ಹೆಸರಾದ ಆಟವನ್ನು ಊರೂರು ಸುತ್ತುವ ವ್ಯಾಪಾರಿಯೇ ತಂದು ಮಾರಿದ!

ಹೆಸರಿಲ್ಲದ ಹಾಡು ಆ ನೆಲಕ್ಕೆ ಹೊಸದೇನಲ್ಲ. ಪಾಡ್ದನ ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ಅದು ಬೇರೆ ರೀತಿಯ ಅನಾಮಧೇಯ. ಹಾಡುವವರು ನಿಮ್ಮೆದುರೇ ಇರ್ತಾರೆ. ಪಂಬದ, ಪರವ, ನಲಿಕೆ ಸಮುದಾಯದ ಹೆಣ್ಣುಮಕ್ಕಳು ತೆಂಬರೆ ಹಿಡಿದು ದೈವದ ಹುಟ್ಟು-ಪ್ರಸರಣ ಹಾಡ್ತಾರೆ. ಗದ್ದೆಯಲ್ಲಿ ನೇಜಿ ನೆಡುವವರ ಬಾಯಲ್ಲೂ ಪಾಡ್ದನ ಇತ್ತು. ‘ಇತ್ತು’ ಅಂದೆ. ಗದ್ದೆಗಳು ಅಡಿಕೆ ತೋಟ ಆದವು. ತೋಟದಲ್ಲಿ ಸಾಲಾಗಿ ಬಗ್ಗಿ ನೆಡುವ ಕೆಲಸ ಇಲ್ಲ, ಆ ಕೆಲಸದ ಹಾಡಿಗೂ ಜಾಗ ಇಲ್ಲ.

ಕಾಂಟ್ರಾ ಆಡಿದವರಿಗೆ ನೆನಪಿರಬಹುದು: ಇಬ್ಬರು ವೀರರು, ಜೊತೆಯಾಗಿ ನುಗ್ಗುವುದು, ಎದುರಿಗೆ ಒಂದಾದ ಮೇಲೊಂದು ಅಡ್ಡಿ. ಇಂಥದ್ದೇ ಒಂದು ಕಥೆ ಈ ಮೂರು ತಾಲೂಕಿನ ಮೇಲೆ ನಕ್ಷೆ ಹಾಸಿದ ಹಾಗೆ ಬಿದ್ದಿದೆ. ಕೋಟಿ-ಚೆನ್ನಯ. ಹುಟ್ಟಿ ಬೆಳೆದದ್ದು ಪುತ್ತೂರಿನ ಪಡುಮಲೆ. ಬಲ್ಲಾಳನ ಅನ್ಯಾಯಕ್ಕೆ ಸಿಡಿದು ಹೊರಟು ಸೇರಿದ್ದು ಸುಳ್ಯದ ಪಂಜ, ಅಲ್ಲಿ ಸೆರೆ, ಸೆರೆಯಿಂದ ಬಿಡುಗಡೆ. ಕೊನೆಗೆ ಎಣ್ಮೂರು, ಇವತ್ತಿನ ಕಡಬ ತಾಲೂಕು. ಅಲ್ಲಿ ಯುದ್ಧ, ಅಲ್ಲೇ ಮರಣ, ಅಲ್ಲೇ ಗರಡಿ. ಒಂದು ಆಟಕ್ಕೆ ಇನ್ನೇನು ಬೇಕು ಸ್ವಾಮಿ? ಹಂತಗಳಿವೆ, ಆಯುಧ ಸುರಿಯ ಇದೆ, ಸಂಗೀತವೂ ಸಿದ್ಧ ಇದೆ.

ಆಗೋದಿಲ್ಲ ಅನ್ನಬೇಡಿ. 2005ರ ‘ಸಿವಿಲೈಸೇಷನ್ 4’ ಆಟದ ಹಾಡು ‘ಬಾಬಾ ಯೇತು’ ಇರೋದು ಸ್ವಾಹಿಲಿ ಭಾಷೆಯಲ್ಲಿ. ಕ್ರಿಸ್ಟೋಫರ್ ಟಿನ್ ಕಟ್ಟಿದ ಆ ಹಾಡಿಗೆ 2011ರಲ್ಲಿ ಗ್ರ್ಯಾಮಿ ಬಂತು. ವಿಡಿಯೊ ಗೇಮಿಗಾಗಿ ಕಟ್ಟಿದ ಸಂಗೀತಕ್ಕೆ ಅದೇ ಮೊದಲ ಗ್ರ್ಯಾಮಿ. ಸ್ವಾಹಿಲಿಗೆ ಸಾಧ್ಯವಾದದ್ದು ತುಳುವಿಗೆ, ಅರೆಭಾಷೆಗೆ ಯಾಕಿಲ್ಲ? ನಮ್ಮ ಬೆಂಗಳೂರಿನ ರಿಕಿ ಕೇಜ್ ‘ಡಿವೈನ್ ಟೈಡ್ಸ್’ಗೆ ಗ್ರ್ಯಾಮಿ ತಂದಾಗ ನಾವೆಲ್ಲ ಚಾನೆಲ್‌ನವರು ಕುಣಿದಾಡಿದೆವು. ಅವರ ಜೊತೆ ಪ್ರಶಸ್ತಿ ಹಂಚಿಕೊಂಡ ಸ್ಟೀವರ್ಟ್ ಕೋಪ್‌ಲ್ಯಾಂಡ್ ಯಾರು? 1998ರ ‘ಸ್ಪೈರೊ ದ ಡ್ರ್ಯಾಗನ್’ ಆಟದ ಸಂಗೀತಗಾರ. ಕಲಾವಿದರಿಗೆ ಈ ಗೋಡೆ ಇಲ್ಲ, ‘ಗೇಮ್ ಮ್ಯೂಸಿಕ್ ತಾನೆ’ ಅನ್ನೋದು ನಮ್ಮ ಅಸಡ್ಡೆ.

ಕೆಲಸ ಬಲ್ಲವರಿಗೂ ಬರ ಇಲ್ಲ. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾದದ್ದು 1997ರಲ್ಲಿ, ಹೊರದೇಶದ ದೊಡ್ಡ ದೊಡ್ಡ ಆಟಗಳಿಗೆ ಚಿತ್ರ ಮಾಡಿಕೊಟ್ಟ ಕಂಪನಿ. ಈ ಉದ್ಯಮಕ್ಕೆ ಅಂತ 2012ರಲ್ಲೇ ನೀತಿ ತಂದ ರಾಜ್ಯ ಕರ್ನಾಟಕ. 2020ರಲ್ಲಿ ಪುಣೆಯ ತಂಡ ನಮ್ಮ ಪುರಾಣ ಇಟ್ಟುಕೊಂಡು ‘ರಾಜಿ’ ಮಾಡಿತು. ಸಂಗೀತ ಕೊಟ್ಟವರು ಗ್ರೀಸ್ ದೇಶದ ಲಿನೊಸ್ ಟ್ಜೆಲೊಸ್. ಅದು ತಪ್ಪು ಅಂತ ನಾನು ಹೇಳಲ್ಲ. ಪುತ್ತೂರಿನ ಶಿವರಾಮ ಕಾರಂತರು ಯಕ್ಷಗಾನದ ಪ್ರಯೋಗಕ್ಕೆ ಪಿಟೀಲು, ಸ್ಯಾಕ್ಸೊಫೋನ್ ತಂದವರು. ಇವತ್ತು ಕರಾವಳಿಯ ಉತ್ಸವ, ನೇಮಗಳಲ್ಲಿ ಸ್ಯಾಕ್ಸೊಫೋನ್ ಕೇಳಿದರೆ ಅದು ಪರದೇಶದ ವಾದ್ಯ ಅಂತ ಯಾರಿಗೂ ಅನ್ನಿಸಲ್ಲ. ಕೊಡು-ಕೊಳ್ಳು ಇರಲಿ.

ನನ್ನ ಆತಂಕ ಬೇರೆ. ನಾಳೆ ಯಾವುದೋ ಸ್ಟುಡಿಯೊ ಎಣ್ಮೂರಿಗೋ ಪಡುಮಲೆಗೋ ಬಂದು ಮೈಕ್ ಇಟ್ಟು, ಒಬ್ಬ ಅಜ್ಜಿಯ ಪಾಡ್ದನ ಹಿಡಿದುಕೊಂಡು ಹೋಗುತ್ತೆ ಅಂತ ಇಟ್ಟುಕೊಳ್ಳಿ. ಪರದೆ ಮೇಲೆ ಏನು ಬರೀತಾರೆ? ‘ಸಾಂಪ್ರದಾಯಿಕ’ ಅಂತ ಒಂದೇ ಪದ. ಹಣ? ಬಸ್ ಚಾರ್ಜು, ಊಟ. ಮಾರಿಯೊ ಟ್ಯೂನನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು. ಗೇಮ್ ಸಂಗೀತಕ್ಕೆ ಅಲ್ಲಿ ಅದೇ ಮೊದಲ ಪ್ರವೇಶ, ಕೊಂಡೊ ಹೆಸರಿನ ಸಮೇತ. 1985ರಿಂದ ಅಲ್ಲಿವರೆಗೆ ಮೂವತ್ತೆಂಟು ವರ್ಷ. ತೆಂಬರೆ ಹಿಡಿದ ಅಜ್ಜಿಗೆ ಅಷ್ಟು ವರ್ಷ ಕಾಯೋಕಾಗಲ್ಲ.

ಅಂದ ಹಾಗೆ, ನಮ್ಮ ಚಾನೆಲ್‌ಗಳಲ್ಲಿ ಬ್ರೇಕಿಂಗ್ ನ್ಯೂಸ್ ಜೊತೆ ಢಮಢಮ ಅಂತ ಬರುತ್ತಲ್ಲ, ಆ ಮ್ಯೂಸಿಕ್ ಮಾಡಿದವರ ಹೆಸರನ್ನು ಯಾರೂ ಒಮ್ಮೆಯೂ ತೋರಿಸಲ್ಲ. ಈ ಮಾತು ನಮಗೂ ಸೇರುತ್ತೆ.

ಬೇರೆ ದಾರಿ ಇತ್ತು ಅನ್ನೋದಕ್ಕೆ ಪುತ್ತೂರಿನ ಪಕ್ಕದ ಬೆಳ್ತಂಗಡಿಯಲ್ಲೇ ಸಾಕ್ಷಿ ಇದೆ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ 1990ರಲ್ಲಿ ಅಲ್ಲಿಗೆ ಬಂದು ಸಿರಿ ಪಾಡ್ದನವನ್ನು ಪೂರ್ತಿ ಧ್ವನಿಮುದ್ರಣ ಮಾಡಿಕೊಂಡರು. 15,683 ಸಾಲು. 1998ರಲ್ಲಿ ಅದು ಪುಸ್ತಕವಾಗಿ ಬಂದಾಗ ‘ಸಾಂಪ್ರದಾಯಿಕ’ ಅಂತ ಹಾಕಿ ಕೈತೊಳೆದುಕೊಳ್ಳಲಿಲ್ಲ. ಹಾಡಿದ ಗೋಪಾಲ ನಾಯ್ಕರ ಹೆಸರು ಪುಸ್ತಕದ ಶೀರ್ಷಿಕೆಯಲ್ಲೇ ಇದೆ.